ಟ್ಯೂಬ್‌ಲೈಟಿನ ಹಿಂದಿನ ಹಲ್ಲಿ

ಊರಿನಲ್ಲಿ ಉಳಿದಿದ್ದ ಒಂದೇ ವನ್ಯಜೀವಿ ವನಜಾಕ್ಷಮ್ಮನವರ ಅಡುಗೆಮನೆಯಲ್ಲಿತ್ತು: ಟ್ಯೂಬ್‌ಲೈಟಿನ ಹಿಂದಿನ ಮೋಟುಬಾಲದ ಹಲ್ಲಿ. ಕಾಗೆ ಗುಬ್ಬಿಗಳೂ ಇಲ್ಲದ ಕಾಲವಾದ್ದರಿಂದ ಜನ ದಿನವೂ ಬಂದು, ಒಗ್ಗರಣೆ ಹಾಕುವುದಕ್ಕೂ ಜಾಗ ಬಿಡದೆ, ಅದನ್ನು ನೋಡಿ ಕಣ್ಣೊರೆಸಿಕೊಳ್ಳುತ್ತಿದ್ದರು.

“ಇದನ್ನ ನೋಡಿದ್ಮೇಲೆ ನನ್ನ ಬದುಕಿಗೊಂದು ಅರ್ಥ ಸಿಕ್ತು,” ಎಂದರು ಎದುರುಮನೆಯ ಲಾಯರು.

ಆಡಿದ ಮಾತು ನಿಜವಾಗಿದ್ದರೆ ಹಲ್ಲಿ ಲೊಚಗುಟ್ಟಬೇಕು. ಅದು ತುಟಿ ಪಿಟಕ್ಕೆನ್ನಲಿಲ್ಲ.

ಲಾಯರು ಹೋದ ಮೇಲೆ ವನಜಾಕ್ಷಮ್ಮ ಗೋಡೆಯತ್ತ ತಿರುಗಿದರು. ಮರುದಿನ ಮೃಗಾಲಯದವರು ಗಾಜಿನ ಪೆಟ್ಟಿಗೆ ತಂದು ಹಲ್ಲಿಯನ್ನು ಒಯ್ಯುವವರಿದ್ದರು. ಇವರು ಒಪ್ಪಿಗೆಯನ್ನೂ ಕೊಟ್ಟಾಗಿತ್ತು.

“ಹೋಗು ತಾಯಿ, ಪೀಡೆ ಕಳೀತು. ನಿನ್ನಿಂದ ನಂಗೇನೂ ಆಗಬೇಕಾಗಿಲ್ಲ.”

ಹಲ್ಲಿ ಸುಮ್ಮನಿತ್ತು.

“ನಾನೊಬ್ಬಳೇ ಆರಾಮಾಗಿ ಇರ್ತೀನಿ.”

ಅದಕ್ಕೂ ಸುಮ್ಮನಿತ್ತು. ತಮ್ಮನ್ನೂ ಆ ಲಾಯರ ಸಾಲಿಗೆ ಸೇರಿಸಿತಲ್ಲ ಎಂದು ವನಜಾಕ್ಷಮ್ಮನಿಗೆ ಮೈಯುರಿಯಿತು.

“ಸರಿ ಕಣೆ. ಬೆಳಿಗ್ಗೆ ಎದ್ದು ಲೈಟು ಹಾಕೋದೇ ನೀನಿದ್ದೀಯ ಅಂತ. ಸಾಕಾ?”

ಲೊಚ್ ಲೊಚ್ ಲೊಚ್.

“ಕೃಷ್ಣ ಕೃಷ್ಣ,” ಎಂದು ಅಭ್ಯಾಸದಂತೆ ಅಡುಗೆಕಟ್ಟೆ ತಟ್ಟಿದ ವನಜಾಕ್ಷಮ್ಮ, ಹೋಗಿ ಮುಂಬಾಗಿಲಿಗೆ ಅಗುಳಿ ಹಾಕಿದರು. ನಾಳೆ ಮೃಗಾಲಯದವರು ಖಾಲಿ ಪೆಟ್ಟಿಗೆ ಹೊತ್ತು ಹಿಂದಿರುಗಲಿ; ಇನ್ನು ಮೇಲೆ ಊರಿನವರು ತಂತಮ್ಮ ಬದುಕಿನ ಅರ್ಥವನ್ನು ತಂತಮ್ಮ ಅಡುಗೆಮನೆಯಲ್ಲೇ ಹುಡುಕಿಕೊಳ್ಳಲಿ.