ಮೊರಿ ಕೆಂಜಿಯ ದನಿ

ಹೆಸರನ್ನು ಅದರದೇ ಲಿಪಿಯಲ್ಲಿ ತಪ್ಪಿಲ್ಲದೆ ಬರೆದರೆ ಕಾಗದ ಅದನ್ನು ಆ ವ್ಯಕ್ತಿಯ ದನಿಯಲ್ಲೇ ಉಸುರುತ್ತಿತ್ತು. ಬೇರೆ ಭಾಷೆಯ ಹೆಸರನ್ನು ಇಂಗ್ಲಿಷಿನಲ್ಲಿ ಬರೆದರೆ ಸುಮ್ಮನಿರುತ್ತಿತ್ತು. ಹಾಗಾಗಿ ಮೈಸೂರಿನ ಆ ಸಸ್ಯವಿಜ್ಞಾನ ಪತ್ರಿಕೆಯ ಕಚೇರಿಯಲ್ಲಿ ಸದಾ ಜೇನುಗೂಡಿನಂಥ ಗುಂಯ್‌ಗುಡುವ ಸದ್ದು.

ಸಂಪಾದಕಿ ವಾರಿಜಾಕ್ಷಿಯ ಎದುರು ಪ್ರೊಫೆಸರ್ ದೇವಯ್ಯ ಪಾಚಿಯ ಕುರಿತ ಲೇಖನ ಹಿಡಿದು ಕೂತಿದ್ದರು. ಅದನ್ನು ಅವರೊಂದಿಗೆ ಬರೆದಿದ್ದ ಮೊರಿ ಕೆಂಜಿ ಹೋದ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಇಬ್ಬರದೂ ಬರೀ ಪತ್ರದ ಸ್ನೇಹ. ಮುಖ ಕಂಡದ್ದಿಲ್ಲ, ದನಿ ಕೇಳಿದ್ದಿಲ್ಲ.

“ಅವರ ಹೆಸರು ಜಪಾನಿ ಲಿಪೀಲಿ ಹೇಗೆ ಸಾರ್? ಕೆಂಜಿ ಅನ್ನೋದನ್ನ ಎಷ್ಟೋ ಥರ ಬರೀತಾರೆ.”

“ನಾನು ಕೇಳಲೇ ಇಲ್ಲಮ್ಮ. ಇಂಗ್ಲಿಷಲ್ಲೇ ಇರಲಿ ಬಿಡು.”

ವಾರಿಜಾಕ್ಷಿ ಬಿಡಲಿಲ್ಲ. ಕ್ಯೋಟೊದಲ್ಲಿದ್ದ ಮೊರಿಯವರ ಮಗಳಿಗೆ ಫೋನ್ ಮಾಡಿದಳು. ಮಗಳು ಕಳಿಸಿದ ಅಕ್ಷರಗಳನ್ನು ನೋಡಿಕೊಂಡು ಒಂದೊಂದೇ ಗೆರೆ ಎಳೆದಳು: 森 健二.

ಪಾಚಿಯ ಮೇಲೆ ಹನಿ ಬಿದ್ದಷ್ಟು ಮೆಲ್ಲಗೆ ಕಾಗದ ಉಸುರಿತು: “ಮೊರಿ ಕೆಂಜಿ.”

ದೇವಯ್ಯ ಕಣ್ಣು ಮುಚ್ಚಿಕೊಂಡರು.

“ಎಷ್ಟು ಮೆತ್ತಗೆ ಮಾತಾಡ್ತಾನೆ ನೋಡು,” ಎಂದರು. ಲೇಖನವನ್ನು ಅವಳತ್ತ ಸರಿಸಿದರು. “ನನ್ನ ಹೆಸರೂ ಕನ್ನಡದಲ್ಲೇ ಹಾಕಮ್ಮ. ಅವನೊಬ್ಬನೇ ಮಾತಾಡ್ತಾ ಇರೋದು ಬೇಡ.”