ಅಗಸೆ ಎಣ್ಣೆ, ಅರಗು

ಮಗಳ ಮರದ ಬಿಲ್ಲಿಗೆ ಅಪ್ಪ ಅಗಸೆ ಎಣ್ಣೆಯಲ್ಲಿ ಜೇನುಮೇಣ ಕಾಸಿ ಹಚ್ಚಿದ. ಸೋದರಮಾವನಿಗೆ ಹಿಡಿಸಲಿಲ್ಲ.

"ಇದೇನು ಭಾವ, ದೋಸೆ ಕಾವಲಿಗೆ ಎಣ್ಣೆ ಸವರಿದಂಗಿದೆ!" ಎಂದು ಸ್ಯಾಂಡ್‌ಪೇಪರಿನಿಂದ ಉಜ್ಜಿ ತೆಗೆದು, ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು ಬಳಿದ.

"ಇದು ಬಿಲ್ಲೋ, ಚನ್ನಪಟ್ಟಣದ ಗೊಂಬೆನೋ?" ಎಂದು ಅಪ್ಪ ಅದನ್ನೂ ಕೆರೆದು ಮತ್ತೆ ಮೇಣ ಹಚ್ಚಿದ.

ತಿಂಗಳೆಲ್ಲ ಇದೇ ನಡೆಯಿತು.

"ಕೆರೆದು ಕೆರೆದು ಬಿಲ್ಲು ಸಣ್ಣಗಾಗ್ತಿದೆ, ಬಿಟ್ಬಿಡಿ. ಭಾನುವಾರ ರಾಜ್ಯ ತಂಡದ ಆಯ್ಕೆ," ಎಂದು ಮಗಳು ಗೋಗರೆದಳು.

"ಸುಮ್ನಿರಮ್ಮ, ನಿನಗೋಸ್ಕರಾನೇ ಅಲ್ವಾ ಇಷ್ಟೆಲ್ಲ!" ಎಂದರು ಇಬ್ಬರೂ. ಶನಿವಾರ ಕೊನೆಯದಾಗಿ ಕೆರೆದು ಅರಗು ಬಳಿದವನು ಮಾವ.

ಆಯ್ಕೆಯ ಮೈದಾನದಲ್ಲಿ ಅವಳು ಹೆದೆ ಎಳೆದಳು. ಬಿಲ್ಲು ನಡುವೆಯೇ ಮುರಿಯಿತು. ಅವಳು ಅಳುತ್ತಾ ಕುಸಿದು ಕೂತಳು.

ಮಾವ ಒಂದು ತುಂಡನ್ನು ಎತ್ತಿ ಬಿಸಿಲಿಗೆ ಹಿಡಿದ.

"ನೋಡಿ ಭಾವ, ಮುರಿದ್ರೂ ನನ್ನ ಅರಗಿನ ಹೊಳಪು ಹೋಗಿಲ್ಲ."