ಹುಣಸೇಕಟ್ಟೆಯನ್ನು ಹುಡುಕಿದವರು

ಭಾಗ್ಯಜ್ಯೋತಿಯ ಬೆರಳು ಡಿಲೀಟ್ ಕೀ ಮೇಲಿತ್ತು. ವೆಬ್‌ಸೈಟಿನ ನೆತ್ತಿಯಲ್ಲಿದ್ದ ‘ಹುಣಸೇಕಟ್ಟೆ ಕಲ್ಯಾಣ ಮಂಟಪ’ದಲ್ಲಿ ಮೊದಲ ಪದ ಹೋಗಬೇಕಿತ್ತು.

“ಆ ಹೆಸರು ಹಾಕಿ ಯಾರೂ ಹುಡುಕಂಗಿಲ್ರಿ ಸರ,” ಎನ್ನುತ್ತ, ವೆಬ್‌ಸೈಟ್ ತಿದ್ದಿಕೊಡಲು ಬಂದಿದ್ದ ಅವಳು ಮಾನಿಟರನ್ನು ಮಂಟಪದ ಯಜಮಾನ ಚಿಕ್ಕಬೈರಪ್ಪನವರ ಕಡೆ ತಿರುಗಿಸಿದಳು. ಜನ ಇಂಟರ್ನೆಟ್ಟಿನಲ್ಲಿ ಏನೇನು ಹುಡುಕುತ್ತಾರೆಂಬ ಲೆಕ್ಕ ಅದರಲ್ಲಿತ್ತು. ‘ಜೆ.ಪಿ. ನಗರ ಮದುವೆ ಹಾಲ್’ ಎಂದು ಹುಡುಕಿದವರು ಸಾವಿರಗಟ್ಟಲೆ. ಹುಣಸೇಕಟ್ಟೆಗೆ ಸೊನ್ನೆ.

ಚಿಕ್ಕಬೈರಪ್ಪ ಆ ಸೊನ್ನೆಯನ್ನೇ ನೋಡುತ್ತ ಕೂತರು. ಅವರು ರಾಗಿ ಬೆಳೆಯುತ್ತಿದ್ದ ಊರು ಜೆ.ಪಿ. ನಗರದ ಲೇಔಟಾಗಿ, ಬಸ್ಸಿನ ಬೋರ್ಡಿನಿಂದಲೂ ಅದರ ಹೆಸರು ಹೋಗಿ, ಕೊನೆಗೆ ಉಳಿದದ್ದು ಈ ಮಂಟಪದ ಮೇಲೆ ಮಾತ್ರ.

“ಹುಡುಕೋದು ಎಲ್ಲಮ್ಮಾ? ನಂಗೂ ತೋರ್ಸು.”

ಅವಳು ಹುಡುಕುವ ಪುಟ ತೆರೆದು ಕೀಬೋರ್ಡನ್ನು ಅವರ ಮುಂದೆ ಸರಿಸಿದಳು. ಅವರು ಒಂದೇ ಬೆರಳಿನಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ, ಊರಿನ ಹೆಸರು ಮುಗಿಸಿ, ಅವಳು ತೋರಿಸಿದ ಎಂಟರ್ ಕೀ ಒತ್ತಿದರು.

“ಯಾರೋ ಒಬ್ರು ಕೇಳ್ಕೊಂಡು ಬಂದಿದ್ರು ಅಂತ ಇನ್ಮೇಲೆ ಆ ಲೆಕ್ಕದಲ್ಲಿ ಇರುತ್ತಾ?”

“ಇರ್ತದ್ರಿ.”

ಚಿಕ್ಕಬೈರಪ್ಪ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡರು.

“ಹಂಗಾದ್ರೆ ಈಗ ಅಳ್ಸಮ್ಮ. ಜೆ.ಪಿ. ನಗರ ಅಂತ್ಲೇ ಹಾಕು.”